ವಲ್ದೋರಿಯಾದ ಕೊನೆಯ ದೊರೆ

ಗುರುವಾರ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ಉತ್ತರದ ಸೇನೆ ದೊರೆಯ ಕೈಬಿಟ್ಟಿತು.

ದೊರೆ ಆಗ ಮನೆಯ ಮುಂದೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ಹೆಸರು ಧನುಷ್, ವಯಸ್ಸು ಹನ್ನೆರಡು, ಏಳನೇ ತರಗತಿ. ಕಡಲಾಚೆಯ ಕ್ಯುಪರ್ಟಿನೋ ಊರಿನ ಈ ಶಾಲೆಗಾಗಿಯೇ ಅವನ ಮನೆಯವರು ಹತ್ತಿರದ ಮಿಲ್ಪಿಟಾಸ್ ಬಿಟ್ಟು ಬಂದಿದ್ದರು. ಹೋದ ವಾರ ಇತಿಹಾಸದ ಶಿಕ್ಷಕಿ ಇಪ್ಪತ್ತಾರು ಮಕ್ಕಳಿಗೆ ವಲ್ದೋರಿಯಾ ಎಂಬ ಕಲ್ಪಿತ ರಾಜ್ಯವೊಂದನ್ನು ಕೊಟ್ಟಿದ್ದರು. ಚೀಟಿ ಎತ್ತಿದಾಗ ಧನುಷ್‌ಗೆ ಕಿರೀಟ ಬಂತು, ಕಾವ್ಯಾ ಎಂಬ ಹುಡುಗಿಗೆ ಕ್ರಾಂತಿ. ಆಜ್ಞೆ, ದಾಳಿ, ಸಂಧಿ ಎಲ್ಲವನ್ನೂ ಮನೆಯಿಂದಲೇ ಆನ್‌ಲೈನ್ ಪುಟದಲ್ಲಿ ಬರೆಯಬೇಕು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಮನೆಮಂದಿಗೆಲ್ಲ ಆಹ್ವಾನ. ಆ ಹೊತ್ತಿಗೆ ಗೆದ್ದವರು ಯಾರೋ ಅವರು ವೇದಿಕೆಯ ಸಿಂಹಾಸನದಲ್ಲಿ ಕೂತು ಭಾಷಣ ಮಾಡುತ್ತಾರೆ ಎಂದು ಶಿಕ್ಷಕಿಯ ಮೊದಲ ಪತ್ರದಲ್ಲಿತ್ತು.

ದೊರೆಯ ಹೆಸರಿನಲ್ಲಿ ಆಜ್ಞೆ ಬರೆಯುತ್ತಿದ್ದವನು ಅವನ ಅಪ್ಪ ಸಂತೋಷಕುಮಾರ. ಬರೀ ಸಹಾಯ. ಹೋದ ವರ್ಷ ಸೇತುವೆಯ ಮಾದರಿಗೂ ಹೀಗೇ ಸಹಾಯ ಮಾಡಿದ್ದ. ಧನುಷ್ ಅಂಟಿನ ಡಬ್ಬಿ ಹಿಡಿದುಕೊಂಡಿದ್ದ.

ಉತ್ತರದ ಸೇನಾಪತಿ ಅಜಯನ ಸಂದೇಶ ಚಿಕ್ಕದು: “ದೊರೆಗಳೇ, ನನ್ನ ಸೇನೆಗೆ ಈ ವಾರ ಬ್ಯಾಂಡ್‌ವಿಡ್ತ್ ಇಲ್ಲ. ಮುಂದಿನ ವಾರ ಮಾತಾಡೋಣ.”

ಅಜಯನಿಗೂ ಹನ್ನೆರಡೇ; ಪುರುಸೊತ್ತಿಗೆ ಆಗಲೇ ಆಫೀಸಿನವರ ಹಾಗೆ ಬ್ಯಾಂಡ್‌ವಿಡ್ತ್ ಎನ್ನುತ್ತಾನೆ. ಈ ಊರಿನ ಮಕ್ಕಳು ಬೇಗ ಬಲಿಯುತ್ತಾರೆ ಎಂದುಕೊಂಡ ಸಂತೋಷಕುಮಾರ.

ಬಾಗಿಲಲ್ಲಿ ಅವನ ತಾಯಿ ದಾನವ್ವ ನಿಂತಿದ್ದಳು. ಗದಗಿನಿಂದ ಬಂದು ಎರಡು ತಿಂಗಳಾಗಿತ್ತು. ಕೈಯಲ್ಲಿ ನಾಳೆಗೆಂದು ಇಸ್ತ್ರಿ ಮಾಡಿದ ಇಳಕಲ್ ಸೀರೆ.

“ಸಂತ್ಯಾ, ನಾಳೆ ನನ್ನ ಮೊಮ್ಮಗ ಕುರ್ಚಿ ಮ್ಯಾಲೆ ಕುಂದರತಾನೋ ಇಲ್ಲೋ?”

“ಕುಂದರತಾನವ್ವಾ.”

“ನಿಮ್ಮಪ್ಪಾರು ಪಂಚಾಯ್ತಿಗೆ ಎರಡು ಸಲ ನಿಂತು ಎರಡೂ ಸಲ ಬಿದ್ರು. ನಮ್ಮ ಮನಿತನದಾಗ ಇಂವಾ ಒಬ್ಬಾಂವ ಕುರ್ಚಿ ಏರ್ಯಾನ. ಊರಿಗೆಲ್ಲಾ ಫೋನ್ ಹಚ್ಚಿ ಹೇಳೀನಿ. ಇಳಿಸಿದ್ರ ನಾ ಯಾವ ಮಾರಿ ತಗೊಂಡು ಗದಗಿಗೆ ಹೋಗ್ಲಿ?”

ಸಂತೋಷಕುಮಾರ ಲ್ಯಾಪ್‌ಟಾಪಿಗೆ ತಿರುಗಿದ. ಅಜಯ ಹೋದರೆ ಹೋಗಲಿ. ಭಯವಿದ್ದದ್ದು ಕಾವ್ಯಾಳದು. ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಆಫೀಸಿನ ಮೀಟಿಂಗಿನ ನಡುವೆ, ಅವನು ಬಂದರಿಗೆ ಮುತ್ತಿಗೆ ಹಾಕಿದ್ದ. ಹತ್ತು ಮೂವತ್ತೆರಡಕ್ಕೆ ಅವಳು ಅವನ ಹಡಗುಗಳಿಗೆ ಬೆಂಕಿ ಇಟ್ಟಿದ್ದಳು. ಅವಳ ಶರಣಾಗತಿ ಪತ್ರದ ಕರಡಿನಲ್ಲಿ ಹದಿನಾಲ್ಕು ಕಲಮುಗಳಿದ್ದವು. ಕೊನೆಯಲ್ಲಿ “ದಿನದ ಅಂತ್ಯದೊಳಗೆ ಖಚಿತಪಡಿಸಿ” ಎಂದಿತ್ತು. ಎಂಥ ಶಿಸ್ತು! ಅವಳ ಅಪ್ಪ ಆನಂದತೀರ್ಥ ಅವನ ಆಫೀಸಿನವನೇ. ಮಂಗಳವಾರದಿಂದ ಜ್ವರವೆಂದು ರಜೆಯಲ್ಲಿದ್ದ. ಪಾಪ, ಮಗಳ ಪ್ರತಾಪ ನೋಡುವ ಯೋಗವೂ ಇರಲಿಲ್ಲ ಅವನಿಗೆ.

ದೊರೆ ಬೆವರೊರೆಸಿಕೊಳ್ಳುತ್ತ ಒಳಗೆ ಬಂದ.

“ಅಪ್ಪಾ, ಐ ನೀಡ್ ಎ ಶೂ ಬಾಕ್ಸ್. ವಿ ಆರ್ ಡೂಯಿಂಗ್ ಜಪಾನ್.”

“ಉತ್ತರದ ಸೇನೆ ಕೈಕೊಡ್ತು ಕಣೋ. ಇನ್ನು ಅರಮನೆ ಒಂದೇ ಉಳಿದಿರೋದು.”

“ನೋಬಡಿ ಕೇರ್ಸ್, ಅಪ್ಪಾ. ಇಟ್ಸ್...”

“ದೊರೆ ಬಾಯಲ್ಲಿ ಬರೋ ಮಾತಾ ಇದು? ಗ್ಯಾರೇಜಲ್ಲಿದೆ ಬಾಕ್ಸು, ಹೋಗು.”

ಹುಡುಗ ಹೋದ ಮೇಲೆ ಸಂತೋಷಕುಮಾರನಿಗೆ ಹೊಳೆಯಿತು. ಜಪಾನ್! ಹೊರಗಿನ ನೌಕಾಪಡೆ! ತನಗೆ ತೋಚದ್ದು ಮಗನಿಗೆ ತೋಚಿತ್ತು. ಆರು ಐವತ್ತೈದಕ್ಕೆ ಅವನು ಜಪಾನಿನ ಚಕ್ರವರ್ತಿಗೆ ನೆರವು ಕೋರಿ ಪತ್ರ ಹಾಕಿದ.

ಆರು ಐವತ್ತೇಳಕ್ಕೆ ಕಾವ್ಯಾ ಬರೆದಳು: “ಜಪಾನ್ ನಕ್ಷೆಯಲ್ಲಿಲ್ಲ. ನಾಲ್ಕನೇ ನಿಯಮ ಓದಿ.”

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಆಫೀಸಿನ ಪಾರ್ಕಿಂಗಿನಲ್ಲಿ, ಕಾರಿನಿಂದ ಇಳಿಯದೆಯೇ, ಅವನು ಅಂಗರಕ್ಷಕರನ್ನು ಕೋಟೆ ಬಾಗಿಲಿಗೆ ಕಳಿಸಿದ. ಒಂಬತ್ತು ಮೂವತ್ತಮೂರಕ್ಕೆ ಅವರು ಪಕ್ಷ ಬದಲಿಸಿದರು. ಹತ್ತೂಕಾಲಿಗೆ ಬಾಗಿಲು ಮುರಿಯಿತು. ಅಡುಗೆಯವರು ಸೌಟು ಹಿಡಿದು ಹೋರಾಡಲಿ ಎಂದು ಅಪ್ಪಣೆ ಕೊಟ್ಟ. ಅಡುಗೆಯವರು ಮುಷ್ಕರ ಹೂಡಿದರು.

ಅವನು ಬಹಳ ಹೊತ್ತು ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಿದ್ದ. ಆಮೇಲೆ ಬರೆದ: “ಕಿರೀಟ ಬಿಡುತ್ತೇನೆ. ಒಂದೇ ಷರತ್ತು. ಎರಡರಿಂದ ಮೂರರವರೆಗೆ ಸಿಂಹಾಸನದಲ್ಲಿ ಕೂರಲು ಬಿಡಿ. ನನ್ನ ಅಜ್ಜಿ ಬರುತ್ತಾರೆ.”

ಅಷ್ಟು ದಿನದಲ್ಲಿ ಮೊದಲ ಸಲ ಕಾವ್ಯಾಳ ಉತ್ತರ ಬರಲು ಹನ್ನೊಂದು ನಿಮಿಷ ಹಿಡಿಯಿತು.

“ನನ್ನ ಅಜ್ಜಿಯೂ ಬರುತ್ತಾರೆ. ಕ್ಷಮಿಸಿ.”

ಹನ್ನೊಂದು ಇಪ್ಪತ್ತಕ್ಕೆ ವಲ್ದೋರಿಯಾದ ದೊರೆ ಸಿಂಹಾಸನ ತ್ಯಜಿಸಿದ. ಸಂತೋಷಕುಮಾರ ಮನೆಗೆ ಫೋನ್ ಮಾಡಿದ.

“ಅವ್ವಾ, ಇಳಿಸಿಬಿಟ್ರು.”



“ಮೋಸ ಆಗೇತಿ,” ಎಂದಳು ದಾನವ್ವ. “ನಿಮ್ಮಪ್ಪಾರಿಗೂ ಹಿಂಗಽ ಆಗಿತ್ತು. ನೀ ಊಟ ಮಾಡು.”

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಎಲ್ಲ ಪೋಷಕರಿಗೂ ಶಿಕ್ಷಕಿಯ ಪತ್ರ ಬಂತು. ಹಳೆಯ ಪುಟವನ್ನು ಅಳಿಸಲೆಂದು ತೆರೆದರೆ ಅಲ್ಲಿ ಮುನ್ನೂರ ಹನ್ನೆರಡು ಹೊಸ ಆಜ್ಞೆಗಳಿದ್ದವು ಎಂದು ಅವರು ಬರೆದಿದ್ದರು. ತರಗತಿಯಲ್ಲಿ ವಿಚಾರಿಸಿದ್ದರು. ಸೋಮವಾರ ಊಟದ ಗಂಟೆಗೆ ಮುಂಚೆಯೇ ಇಪ್ಪತ್ತಾರೂ ಮಕ್ಕಳು, ದೊರೆಯೂ ಸೇರಿ, ಕೈಯೆತ್ತಿ ಮತ ಹಾಕಿ ರಾಜತ್ವವನ್ನು ರದ್ದು ಮಾಡಿದ್ದರು. ಮಂಗಳವಾರದಿಂದ ಪಾಠ ಜಪಾನಿಗೆ ದಾಟಿತ್ತು. ಆಮೇಲೆ ಆ ಪುಟವನ್ನು ಒಂದು ಮಗುವೂ ತೆರೆದಿರಲಿಲ್ಲ.