ಅಪ್ಪನ ಹೆಸರಿನ ಕಲ್ಲು

“ಅಪ್ಪಾ, ನಿಮ್ಮ ಕಲ್ಲು ಒಡೀತಿದೆ.”

ಈ ಒಂದು ಮಾತನ್ನು ಮಗಳು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅಪ್ಪನ ಬಡಗಿ ಅಂಗಡಿಯ ಬಾಗಿಲಲ್ಲಿ ನಿಂತು ಅದನ್ನು ಒಂದೇ ಉಸಿರಿಗೆ ಹೇಳಿದಳು. ಅಪ್ಪ ಲೇಥ್ ನಿಲ್ಲಿಸಿದರು. ಅದರಲ್ಲಿ ಕಡೆಯುತ್ತಿದ್ದ ಕುರ್ಚಿಯ ಕಾಲು ತಾನಾಗಿ ಇನ್ನಷ್ಟು ಸುತ್ತಿ ನಿಂತಿತು.

ವೀಕ್ಷಣಾಲಯದಲ್ಲಿ ಕೆಲಸ ಮಾಡುವ ಅವಳು, ತಾನು ಪತ್ತೆಹಚ್ಚಿದ ಒಂದು ಕ್ಷುದ್ರಗ್ರಹಕ್ಕೆ ಅಪ್ಪನ ಹೆಸರಿಡಿಸಿದ್ದಳು. ಅಂದಿನಿಂದ ಅಪ್ಪನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅದರ ಫೋಟೊಗೆ ಸಾಗುವಾನಿ ಚೌಕಟ್ಟು ಹಾಕಿ ಅಂಗಡಿಯಲ್ಲೇ ತೂಗುಹಾಕಿದ್ದರು. ಕಪ್ಪು ಕಾಗದ, ನಡುವೆ ಒಂದು ಬಿಳಿ ಚುಕ್ಕೆ. ಮರದ ಹೊಟ್ಟು ಕೂತಿದೆಯೆಂದು ಅದನ್ನು ಒರೆಸಲು ಹೋದ ಗಿರಾಕಿಗೆ ಸರಿಯಾಗಿ ಮಂಗಳಾರತಿ ಆಗಿತ್ತು.

ಈಗ ಆ ಚುಕ್ಕೆಗೆ ಧೂಳಿನ ಬಾಲ ಮೂಡಿತ್ತು, ಒಂದು ತುಂಡು ಕಳಚಿಕೊಂಡಿತ್ತು. ನಾಳೆ ಪತ್ರಿಕೆಯಲ್ಲೂ ಬರುತ್ತದೆ. ಈ ಸುದ್ದಿಗೆ ಬೇರೆ ಹೊತ್ತೇ ಸಿಗಲಿಲ್ಲವೆ? ಅವಳ ತಮ್ಮ ಊರಾಚೆ ಬೇರೆ ಅಂಗಡಿ ಇಡುತ್ತೇನೆ ಎಂದ ದಿನದಿಂದ ಅಪ್ಪ ಅವನೊಡನೆ ಮಾತು ಬಿಟ್ಟಿದ್ದರು. “ನಾನಿರೋವರೆಗೂ ಈ ಅಂಗಡಿ ಎರಡಾಗಲ್ಲ” ಎಂದು ಗುಡುಗಿದ್ದೇ ಕೊನೆ. ಒಂದೇ ಸೂರಿನಡಿ ಇಬ್ಬರೂ ಬೆನ್ನು ತಿರುಗಿಸಿಕೊಂಡು ಕೆಲಸ ಮಾಡುತ್ತಿದ್ದರು. ಇದನ್ನು ಕೇಳಿ ಅಪ್ಪ ಇನ್ನಷ್ಟು ಬಿಗಿದುಕೊಂಡರೆ ತಮ್ಮ ಹೇಳದೆ ಕೇಳದೆ ಹೊರಟೇಹೋಗುತ್ತಾನೆ ಎಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು.

“ಯಾರು ಹೊಡೆದರು?” ಎಂದರು ಅಪ್ಪ.

“ಯಾರೂ ಹೊಡೆದಿಲ್ಲ. ಇನ್ನೊಂದು ಕಲ್ಲು ಬಂದು ಬಡಿದ ಗುರುತಿಲ್ಲ. ಬಿಸಿಲು ಬಿದ್ದೂ ಬಿದ್ದೂ ಅದು ತಿರುಗೋ ವೇಗ ಏರ್ತಾ ಬಂದಿದೆ. ಅದು ಗಟ್ಟಿ ಬಂಡೆ ಅಲ್ಲಪ್ಪ, ಜಲ್ಲಿ ರಾಶಿ ಇದ್ದ ಹಾಗೆ. ವೇಗ ಮಿತಿ ಮೀರಿದ್ರೆ ಅಂಚಿನದು ಹಿಡಿತ ತಪ್ಪಿ ಹಾರುತ್ತೆ.”

ಅಪ್ಪ ಲೇಥ್ ಕಡೆ ನೋಡಿದರು. ತಿರುಗುವ ಮರ ಹೇಗೆ ಸಿಡಿಯುತ್ತದೆಂದು ಅವರ ಹುಬ್ಬಿನ ಮೇಲಿನ ಕಲೆಗೆ ಗೊತ್ತಿತ್ತು.

“ಅಂದ್ರೆ ಯಾರ ತಪ್ಪೂ ಇಲ್ಲ?”

“ಯಾರದ್ದೂ ಇಲ್ಲ.”

“ಆ ತುಂಡನ್ನ ಬಿಡದೆ ಹಿಡ್ಕೊಂಡೇ ಇದ್ದಿದ್ರೆ?”

“ಪೂರ್ತಿ ಪುಡಿಪುಡಿ ಆಗ್ತಿತ್ತೇನೋ. ಈಗ ಒಂದಷ್ಟು ಧೂಳು, ಒಂದು ತುಂಡು ಹೋಯ್ತು. ದೊಡ್ಡದು ಕೊಂಚ ನಿಧಾನ ಆಯ್ತು, ಉಳ್ಕೊಳ್ತು.”

ಅಂಗಡಿಯ ಹಿಂಬದಿಯಲ್ಲಿ ಬಾಗಿಲ ಹಲಗೆ ಉಜ್ಜುತ್ತಿದ್ದ ತಮ್ಮನ ಕೈ ನಿಂತಿತು. ಅವನು ತಿರುಗಿ ನೋಡಲಿಲ್ಲ, ಕಿವಿ ಮಾತ್ರ ಇತ್ತಲೇ ಇತ್ತು.

“ಮತ್ತೆ ಆ ಚಿಕ್ಕದು? ಎಲ್ಲಿಗೆ ಹೋಗುತ್ತೆ?” ಅಪ್ಪನ ದನಿ ಇಳಿದಿತ್ತು.

ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. “ಕೆಲವು ದೂರ ಹೋಗ್ಬಿಡ್ತವೆ. ಕೆಲವು ದೊಡ್ಡದರ ಸುತ್ತಾನೇ ಇರ್ತವೆ. ಇದು ಇನ್ನೂ ಪಕ್ಕದಲ್ಲೇ ಇದೆ.”

ಅಪ್ಪ ಉಳಿಯ ಬಾಯನ್ನು ಹೆಬ್ಬೆರಳಿನಿಂದ ಸವರುತ್ತಾ ನಿಂತರು. ಆಮೇಲೆ ಗೋಡೆಗೆ ಹೇಳುವವರಂತೆ, “ಊರಾಚೆ ಯಾಕೆ ಹೋಗ್ಬೇಕೋ? ಎದುರಿನ ಗೋದಾಮು ಖಾಲಿ ಬಿದ್ದಿದೆಯಲ್ಲ” ಎಂದರು.

ತಮ್ಮ ಈಗ ತಿರುಗಿದ. “ಎದುರೇ ಇದ್ರೆ ನಿಮ್ಮ ಗಿರಾಕಿಗಳನ್ನೆಲ್ಲ ಕಿತ್ಕೋತೀನಿ. ಆಮೇಲೆ ಬೈಬಾರದು.”

“ಕಿತ್ಕೊ, ನೋಡೋಣ.”

ಮಗಳಿಗೆ ಹೋದ ಜೀವ ಬಂದಂತಾಯಿತು. ಉಸ್ಸೆಂದು ಪಕ್ಕದ ಕುರ್ಚಿಯ ಮೇಲೆ ಕುಳಿತಳು. ಅದರ ನಾಲ್ಕನೇ ಕಾಲು ಇನ್ನೂ ಲೇಥ್‌ನಲ್ಲೇ ಇತ್ತು. ವಾಲಿದವಳನ್ನು ಅಪ್ಪ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ ಹಿಡಿದರು. ಮೂವರಿಗೂ ನಗು ತಡೆಯಲಾಗಲಿಲ್ಲ.

ನಗು ಮುಗಿಯುವ ಮೊದಲೇ ಅಪ್ಪ ಅಟ್ಟದಿಂದ ಒಂದು ಹಳೆಯ ಸಾಗುವಾನಿ ಹಲಗೆ ಇಳಿಸಿದರು. ಯಾರಿಗೂ ಮುಟ್ಟಲು ಬಿಡದೆ ಇಟ್ಟುಕೊಂಡಿದ್ದ ಹಲಗೆ ಅದು. ಬಲವಾಗಿ ಊದಿದಾಗ ಎದ್ದ ಧೂಳು ಕಿಟಕಿಯ ಬಿಸಿಲಿನಲ್ಲಿ ಉದ್ದಕ್ಕೆ ಚಾಚಿಕೊಂಡಿತು.

“ತಗೋ, ಬೋರ್ಡಿಗೆ” ಎಂದು ಅದನ್ನು ಮಗನ ಕೈಗಿಟ್ಟರು. “ನಿನ್ನ ಹೆಸರೇ ಬರಿ. ನನ್ನ ಹೆಸರಿಗೆ ಮೇಲೆ ಆಕಾಶದಲ್ಲಿ ಈಗ ಎರಡು ಕಲ್ಲಿದೆ.”