ಹುಲ್ಲು ತುಂಬಿದ ಕೋಟು

ಮೂಗುದಾರ ಜೋಗಾರಾಮನ ಕೈಯಿಂದ ಜಾರಿತು. ಮರುಗಳಿಗೆಯಲ್ಲಿ ಅವನ ಗಂಡೊಂಟೆ ಕೇಸರ್ಯೋ ಜನರ ನಡುವೆ ನುಗ್ಗಿತ್ತು. ಚಹಾದ ಒಲೆ ಉರುಳಿತು. ಒಲೆಯ ಮುಂದೆ ಕೂತವನ ಕೈ ಮುರಿಯಿತು. ಮದವೇರಿದ ಒಂಟೆ ನೊರೆ ಸುರಿಸುತ್ತ ಹೋಗಿ ಸಿಂಘವಿ ಸೇಠನ ಕೋಟಿನ ತೋಳು ಕಚ್ಚಿತು, ಅವನನ್ನು ಎತ್ತಿ ಮರಳಿಗೆ ಬಡಿಯಿತು. ಎದೆಯಡಿ ಹಾಕಿಕೊಂಡು ಅರೆಯಲು ಅದು ಮಂಡಿ ಮಡಚುವಷ್ಟರಲ್ಲಿ ನಾಲ್ಕಾರು ಜನ ಕೋಲು ಹಿಡಿದು ಮೇಲೆ ಬಿದ್ದರು. ಸೇಠ ಬದುಕಿದ.

ಜೋಗಾರಾಮ್ ನಿಂತಲ್ಲೇ ನಿಂತಿದ್ದ. ನಡೆಯಲು ಕಲಿತಾಗಿನಿಂದ ಒಂಟೆ ಕಾದವನು. ಅವನ ಕೈಯಿಂದ ಹಗ್ಗ ಜಾರಿದ್ದನ್ನು ನಾಗೌರಿನ ಜಾನುವಾರು ಮೇಳದಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಸೇಠನನ್ನು ಜೋಧಪುರದಿಂದ ಜೀಪಿನಲ್ಲಿ ಮೇಳ ತೋರಿಸಲು ಕರೆತಂದವನು ಖೇತಾರಾಮ್. ಪೇಟೆಯಿಂದ ಬರುವವರಿಗೆ ಮರಳುಗಾಡು ತೋರಿಸುವುದೇ ಅವನ ಕಸುಬು. ಜೋಗಾರಾಮನ ಹೆಂಡತಿ ಡಾಯಲಿ ಅವನಿಗೆ ಸ್ವಂತ ಅಕ್ಕ. ಸೇಠನ ಹಣೆಯ ರಕ್ತ ಒರೆಸುವಾಗ, ಕೆನ್ನೆವರೆಗೆ ಮುಚ್ಚಿದ್ದ ಉಣ್ಣೆಯ ಟೋಪಿ ಸರಿದು ಆ ಮುಖ ಪೂರ್ತಿ ಕಂಡಾಗ, ಖೇತಾರಾಮನ ಕೈ ನಿಂತಿತು. ಈ ಮುಖವನ್ನು ಅವನು ಕೋರ್ಟಿನ ಕಟಕಟೆಯಲ್ಲಿ ನೋಡಿದ್ದ.

ಹಿಂದೊಂದು ಚಳಿಗಾಲ. ಮಂಜು ಕವಿದ ರಸ್ತೆಯಲ್ಲಿ ಸೇಠನ ಲಾರಿ ಜೋಗಾರಾಮನ ಹಿಂಡಿನ ಮೇಲೆ ಹರಿದಿತ್ತು. ಓಡಿಸುತ್ತಿದ್ದವನು ಸೇಠನೇ. ಕೇಸರ್ಯೋನ ತಾಯಿ ಅಲ್ಲೇ ಸತ್ತಿತು. ಅದರ ಹಗ್ಗ ಹಿಡಿದಿದ್ದ ಲಖ್ಮಾ, ಜೋಗಾರಾಮನ ಒಬ್ಬನೇ ಮಗ, ಅವನೂ ಸತ್ತ. ತಾಯಿಯ ರಕ್ತ ಮೂಸುತ್ತ ಅಡ್ಡ ನಿಂತ ಕರುವನ್ನು ಸೇಠ ಸಲಾಕೆಯಿಂದ ಬಡಿದು ದಾರಿ ಬಿಡಿಸಿಕೊಂಡು ಹೋದ. ಕೋರ್ಟಿನಲ್ಲಿ ಕೊನೆಗೆ ಎಲ್ಲರೂ ಮಂಜನ್ನು ದೂರಿದರು, ಸೇಠ ಬಿಡುಗಡೆಯಾದ. ಜೋಗಾರಾಮ್ ಅಳಲಿಲ್ಲ. ಹೆಣ ಸುಟ್ಟು ಬಂದು ಒಂಟೆಗಳಿಗೆ ನೀರು ಕುಡಿಸಿದ. ಆಮೇಲೆ ಮಗನ ಹೆಸರೆತ್ತಲಿಲ್ಲ.

ಕರು ಈಗ ಗಂಡಾಗಿ ನಿಂತಿದೆ, ಬಿಡುತ್ತದೆಯೇ ಎಂದು ಮೇಳದವರು ಮಾತಾಡಿಕೊಂಡರು. ಬೆಳಿಗ್ಗೆ ಮೇವು ಹಾಕಲು ಹೋದವನ ಹೆಗಲಿಗೂ ಅದು ಬಾಯಿ ಹಾಕಿತ್ತು. ಆ ಸಂಗತಿ ಯಾರಿಗೂ ನೆನಪಾಗಲಿಲ್ಲ.

ಖೇತಾರಾಮ್ ಅಕ್ಕನ ಬಳಿ ಓಡಿದ. ಸೇಠನನ್ನು ಈಗಲೇ ಜೀಪು ಹತ್ತಿಸಿ ಜೋಧಪುರಕ್ಕೆ ಮುಟ್ಟಿಸುತ್ತೇನೆ ಎಂದ.

“ಹಿಂದೆ ಬರೋದು ಅಲ್ಲಿಗೂ ಬರ್ತದೆ, ತಮ್ಮಾ.”

“ಜೋಧಪುರಕ್ಕಾ? ಬಸ್ಸು ಹತ್ತಿ ಬರ್ತದಾ, ಅಕ್ಕಾ?”

“ಹತ್ತಿಯಾದರೂ ಬರ್ತದೆ,” ಎಂದಳು ಡಾಯಲಿ. ಅವಳು ನಗಲಿಲ್ಲ. “ಅವನ ಕೋಟು ಬಿಚ್ಚಿಸಿಕೊಂಡು ಬಾ.”

ಖೇತಾರಾಮನಿಗೆ ಅರ್ಥವಾಯಿತು. ಒಂಟೆ ಸಾಕುವ ಅವರ ರಾಯಿಕಾ ಜನರಲ್ಲಿ ಒಂಟೆಯ ಹಗೆಗೆ ಇರುವ ಮದ್ದು ಅದೊಂದೇ. ನೋಯಿಸಿದವನ ಬಟ್ಟೆಗೆ ಹುಲ್ಲು ತುಂಬಿ ಒಂಟೆಯ ಮುಂದೆ ಹಾಕುತ್ತಾರೆ. ಅದು ತುಳಿದು, ಕಚ್ಚಿ, ಹರಿದು, ಕೊಂದೆ ಅಂದುಕೊಳ್ಳುತ್ತದೆ. ಆಮೇಲೆ ಅದೇ ಮನುಷ್ಯ ಎದುರು ಬಂದರೂ ಹೊಸಬನನ್ನು ನೋಡಿದ ಹಾಗೆ ನೋಡುತ್ತದೆ. ಆದರೆ ಮುಗಿದ ಮೇಲೆ ಅವನು ಎದುರಿಗೆ ಬಂದು ನಿಲ್ಲಲೇಬೇಕು. ಹಗೆ ಉಳಿದಿದ್ದರೆ ಅಲ್ಲೇ ಸತ್ತ.

ಲಾರಿಗೆ ಸಿಕ್ಕ ಒಂಟೆಯ ಕರು ಇದೇ ಎಂದೂ ಮದ್ದು ಇಂಥದ್ದೆಂದೂ ಹೇಳಿದಾಗ ಸೇಠ ಬಿಳಿಚಿಕೊಂಡ. ಆ ರಸ್ತೆ ಯಾವುದೆಂದು ಕೇಳಿದ. ಖೇತಾರಾಮ್ ಹೇಳಿದ. ಸೇಠ ಬೇರೇನೂ ಕೇಳದೆ ಗುಂಡಿ ಬಿಚ್ಚತೊಡಗಿದ.

ಖೇತಾರಾಮ್ ಕೋಟು, ಟೋಪಿ ತಂದ. ಬೆವರಿನಿಂದ ಒದ್ದೆಯಾದ ಬನಿಯನ್ನೂ ತಂದಿದ್ದ. ಡಾಯಲಿ ಅದನ್ನು ವಾಪಸು ಎಸೆದಳು.

“ಇದು ಬೇಡ. ಕೋಟು, ಟೋಪಿ ಸಾಕು. ನೋಡಿದರೆ ಅವನೇ ಅನ್ನಿಸಬೇಕು.”

“ಒಂಟೆ ಮೂಸಿ ಗುರುತು ಹಿಡೀತದಲ್ಲ, ಅಕ್ಕಾ? ವಾಸನೆ ಬೇಡವಾ?”

“ನನಗೆ ಒಂಟೆ ಪಾಠ ಹೇಳ್ಬೇಡ. ಹುಲ್ಲು ತಾ.”

ಅವಳು ಸಜ್ಜೆಯ ಒಣಹುಲ್ಲನ್ನು ತೋಳಿಗೂ ಎದೆಗೂ ಬಿಗಿಯಾಗಿ ತುಂಬಿದಳು. ಟೋಪಿಯೊಳಗೂ ತುರುಕಿ ಕೊರಳಿಗೆ ಹೊಲಿದಳು. ದಬ್ಬಣ ಬೆರಳಿಗೆ ಚುಚ್ಚಿತು, ಒರೆಸಿಕೊಳ್ಳಲಿಲ್ಲ. ಗಂಡನ ಕೊಡಲಿಯನ್ನು ಒಯ್ದು ಗಾಡಿಯಡಿಯ ಮರಳಲ್ಲಿ ಹೂತಳು. ತಮ್ಮ ಪ್ರಶ್ನೆ ಮಾಡುವ ಹಾಗೆ ನೋಡಿದಾಗ, ಹಗೆ ತೀರುವ ಹೊತ್ತಿನಲ್ಲಿ ಕಬ್ಬಿಣ ಹತ್ತಿರ ಇರಬಾರದು ಎಂದಳು. ಅಂಥ ಪದ್ಧತಿಯನ್ನು ಅವನು ಕೇಳಿರಲಿಲ್ಲ.

ಹೊತ್ತು ಮುಳುಗುವಾಗ ಹಿಂಡುಗಳು ನೀರಿನಿಂದ ಮರಳಿದವು. ಎಬ್ಬಿಸಿದ ಧೂಳಿನಲ್ಲಿ ಬಿಡಾರವೇ ಮುಚ್ಚಿಹೋಯಿತು. ಡಾಯಲಿ ಬೊಂಬೆಯನ್ನು ಮರಳಿನ ಮೇಲೆ ಮಲಗಿಸಿ ಗಂಡನತ್ತ ತಿರುಗಿದಳು. ಅವನು ಮಧ್ಯಾಹ್ನದಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

“ಹೂಂ,” ಎಂದಳು. “ಬಿಚ್ಚು ಇನ್ನು.”

ಖೇತಾರಾಮ್ ಸೇಠನನ್ನು ಜೀಪಿನ ಮರೆಗೆ ಎಳೆದುಕೊಂಡು ಕೂತ.

ಮೊದಲು ಬಟ್ಟೆ ಹರಿಯುವ ಸದ್ದು ಬಂತು. ಆಮೇಲೆ ಧಪ್, ಧಪ್ ಎಂದು ನೆಲವೇ ಹೊಡೆತ ತಿನ್ನುವ ಹಾಗೆ. ಗಂಟಲಿನ ಆಳದಿಂದ ಹೊರಟ ಒಂದು ಗೂಳಿಡುವಿಕೆ ಏರುತ್ತ ಹೋಗಿ ಒಡೆಯಿತು, ಮತ್ತೆ ಎದ್ದಿತು. ಇಷ್ಟು ವರ್ಷದಲ್ಲಿ ಯಾವ ಒಂಟೆಯ ಬಾಯಿಂದಲೂ ಖೇತಾರಾಮ್ ಅಂಥದ್ದನ್ನು ಕೇಳಿರಲಿಲ್ಲ. ಹುಲ್ಲು ಜೀಪಿನ ಮೇಲೆ ಹಾರಿಬಂತು. ಟೋಪಿ ಬಂದು ಸೇಠನ ಕಾಲ ಬಳಿ ಬಿತ್ತು. ಅದರ ತುಂಬ ಹಲ್ಲಿನ ಗುರುತು, ಜೊಲ್ಲು. ಸೇಠ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಹೊಡೆತ ನಿಲ್ಲಲಿಲ್ಲ. ನಿಂತಿತು ಅಂದುಕೊಂಡಾಗ ಮತ್ತೆ ಶುರುವಾಯಿತು.

ಕೊನೆಗೆ ಏದುಸಿರು ಮಾತ್ರ ಉಳಿಯಿತು. “ಕರ್ಕೊಂಡು ಬಾ, ತಮ್ಮಾ,” ಎಂದು ಡಾಯಲಿ ಕೂಗಿದಳು.

ಸೇಠ ಬರೀ ಅಂಗಿಯಲ್ಲಿ ನಡುಗುತ್ತ ಮುಂದೆ ನಡೆದ. ಧೂಳು ಇಳಿಯುತ್ತಿತ್ತು. ಕೇಸರ್ಯೋ ತನ್ನನ್ನು ಕಟ್ಟಿದ ಗೂಟದ ಬಳಿಯೇ ಮಂಡಿಯೂರಿ ಮೆಲುಕು ಹಾಕುತ್ತಿತ್ತು. ಹಗ್ಗದ ಗಂಟು ಹಾಕಿದ ಹಾಗೆಯೇ ಇತ್ತು. ಕೋಟಿನ ಚಿಂದಿಯ ನಡುವೆ ಜೋಗಾರಾಮ್ ಕೂತಿದ್ದ. ಗಡ್ಡದ ತುಂಬ ಹುಲ್ಲು, ಬರಿಗಾಲಿನ ಹಿಮ್ಮಡಿ ಒಡೆದು ರಕ್ತ. ಅವನು ತಲೆಯೆತ್ತಿ ಸೇಠನನ್ನು ಬಹಳ ಹೊತ್ತು ನೋಡಿದ.

“ಯಾವೂರಪ್ಪಾ ನಿಂದು? ಈ ಚಳೀಲಿ ಮೈಮೇಲೆ ಒಂದು ಕೋಟೂ ಇಲ್ಲ. ಡಾಯಲಿ, ಇವನಿಗೆ ಚಹಾ ಕೊಡು.”