ಹಿಸುಕಿದ ಬೇಳೆ

ನೆನೆದ ಅವರೆಕಾಳಿನ ಸೊಗಡು ಮೂಗಿಗೆ ಬಡಿದರೆ ಈಗಲೂ ನಾನು ಉದ್ದನಪಲ್ಲಿಯ ನಮ್ಮ ಜಗಲಿಯಲ್ಲಿರುತ್ತೇನೆ. ಆ ಮಧ್ಯಾಹ್ನ ಮನೆಯವರೆಲ್ಲ ಸುತ್ತ ಕೂತು ಕಾಳು ಹಿಸುಕುತ್ತಿದ್ದೆವು. ನಾನಾಗ ಹತ್ತು ವರ್ಷದ ಹುಡುಗ. ಮದುವೆಯ ಮಾತು ಬಂದಾಗ ಚಿಕ್ಕಪ್ಪ ತಲೆಯೆತ್ತಿ ಅಜ್ಜಿಗೆ ಹೇಳಿದ: “ಅವ್ವಾ, ನಂಗೆ ಹೆಣ್ಣು ನೋಡ್ಬ್ಯಾಡ. ನನ್ ಮನ್ಸು ಬೇರಿಕೆ ಊರಿನ ಮುನಿರಾಜನ ಮ್ಯಾಲೈತೆ. ಅವನ ಜೊತೇಲೇ ಬಾಳ್ತೀನಿ.”

ಅಪ್ಪ ಕೈಯಲ್ಲಿದ್ದ ಕಾಳನ್ನು ಬಿಸಾಡಿದ. “ಊರೋರು ಏನಂದ್ಕಂತಾರ್ಲಾ?”

“ಊರೋರು ಬಂದು ನಮ್ಮನೆ ಕಾಳು ಹಿಸುಕ್ತಾರಾ?” ಎಂದಳು ಅಜ್ಜಿ, ಬೆರಳು ನಿಲ್ಲಿಸದೆ. ಆಮೇಲೆ ಚಿಕ್ಕಪ್ಪನತ್ತ ತಿರುಗಿ, “ಸಂಜೆ ಊಟಕ್ಕೆ ಅವನ್ನೂ ಕರ್ಕೊಂಡ್ ಬಾ. ಹಿಸುಕಿದ ಬೇಳೆ ಸಾರು ಮಾಡ್ತೀನಿ” ಎಂದಳು.

ಹತ್ತೊಂಬತ್ತಕ್ಕೆ ನಾನೂ ಅವಳಿಗೆ ಒಬ್ಬ ಹುಡುಗನ ಹೆಸರು ಹೇಳಿದೆ. ಅಜ್ಜಿ ಕೇಳಿಸಿಕೊಂಡಳು, ಸೆರಗು ಸಿಕ್ಕಿಸಿಕೊಂಡು ಅವರೆಕಾಳು ನೆನೆಹಾಕಲು ಎದ್ದಳು.